ಖಾಲಿ ಹಾಲ್‌ನಲ್ಲಿ ನಿಂತಿದ್ದ ಮಾದಣ್ಣ

ಎಲ್ಲರಿಗೂ ನಮಸ್ಕಾರ. ಬುದ್ಧ ವಂದನೆ ಹೇಳಿಕೊಟ್ಟ ಭಂತೇಜಿಯವರಿಗೆ, ನಮ್ಮನ್ನು ಅಗಲಿದ ಸಣ್ಣಮಾದಯ್ಯನವರ, ಅಂದರೆ ನಮ್ಮೆಲ್ಲರ ಮಾದಣ್ಣನ ಪತ್ನಿ ಪುಟ್ಟಲಿಂಗಮ್ಮನವರಿಗೆ, ಮಗಳು ನಯನಾಗೆ, ಬೋಗಾದಿಯ ನೆರೆಹೊರೆಯವರಿಗೆ — ಮತ್ತೆ, ಮಧ್ಯಾಹ್ನದ ಬಿಡುವಿನಲ್ಲಿ ಯೂನಿಫಾರಂ ಕೂಡ ಬದಲಿಸದೆ ಬಂದಿರುವ ನಮ್ಮ ಹೋಟೆಲಿನ ಗೆಳೆಯರಿಗೆ — ನಮಸ್ಕಾರ.

ನನ್ನ ಹೆಸರು ಚೂಡಾಮಣಿ. ಮಾದಣ್ಣ ಸಪ್ಲೈಯರ್ ಆಗಿದ್ದ ಹೋಟೆಲಿನಲ್ಲಿ ನಾನು ಬಟ್ಟೆಗಳನ್ನು ನೋಡಿಕೊಳ್ಳುತ್ತೇನೆ. ಮೇಜಿಗೆ ಹಾಸುವ ಬಟ್ಟೆ, ಕೈ ಒರೆಸುವ ಬಟ್ಟೆ, ರೂಮುಗಳ ಬೆಡ್‌ಶೀಟು — ಒಗೆದು ಬಂದದ್ದನ್ನು ಮಡಿಸಿ ಇಡುವುದು, ಕೇಳಿದವರಿಗೆ ಕೊಡುವುದು. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಆದರೂ ನಾನೇ ಮಾತಾಡುತ್ತೇನೆ ಅಂತ ಕೇಳಿಕೊಂಡೆ. ಯಾಕೆಂದರೆ ಹೋಟೆಲಿನಲ್ಲಿ ಅವರ ಕೊನೆಯ ಒಂದು ವರ್ಷವನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ.

ಮಾದಣ್ಣ ನಂಜನಗೂಡು ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಮೈಸೂರಿಗೆ ಬಂದು ಒಂದು ಮೆಸ್ಸಿಗೆ ಸೇರಿಕೊಂಡರು. ಹಿತ್ತಲಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುವುದಷ್ಟೇ ಅವರ ಕೆಲಸ. ಜನ ಊಟಕ್ಕೆ ಕೂರುವ ಕಡೆಗೆ ಬರಕೂಡದು ಅಂತ ಅವರಿಗೆ ಹೇಳಿದ್ದರಂತೆ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ನಮ್ಮ ಹೋಟೆಲಿನಲ್ಲಿ, ಆಗಿನ ಹಳೆಯ ಮಾಲೀಕರು ಅವರನ್ನು ಹಾಲ್ ಕೆಲಸಕ್ಕೇ ತೆಗೆದುಕೊಂಡರು. ಬಿಳಿ ಶರಟು ಹಾಕಿಕೊಂಡು ಜನರ ನಡುವೆ ನಡೆದ ಆ ಮೊದಲ ದಿನದ ಬಗ್ಗೆ ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ಒಬ್ರು ಹೆಂಗಸರು ನೀರು ಕೇಳುದ್ರು ಕಣಮ್ಮ. ನನ್ನೇ ಕೇಳುದ್ರು" — ಅಷ್ಟೇ ಕತೆ. ಹೇಳುವಾಗ ಹೀಗೆ, ಕೈಯಲ್ಲಿ ಜಗ್ ಇರುವ ಹಾಗೆ ಎತ್ತಿ ತೋರಿಸುತ್ತಿದ್ದರು.

ಮೊದಲೆಲ್ಲ ಟಿಪ್ಸ್ ಬಂದರೆ ಕ್ಯಾಷ್ ಕೌಂಟರಿನ ಪಕ್ಕದ ಡಬ್ಬಿಗೆ ಬೀಳುತ್ತಿತ್ತು. ಭಾನುವಾರ ಸಪ್ಲೈಯರುಗಳು ಹಂಚಿಕೊಳ್ಳುತ್ತಿದ್ದರು. ನಮ್ಮಂಥವರಿಗೆ — ಬಟ್ಟೆಯವರು, ಪಾತ್ರೆ ತೊಳೆಯುವವರು, ನೆಲ ಒರೆಸುವವರು — ನಮಗೆ ಅದರಲ್ಲಿ ಪಾಲಿರಲಿಲ್ಲ. ಪಾಲು ಕೊಡಿಸಿದವರು ಮಾದಣ್ಣ. "ತಟ್ಟೆ ಜಿಡ್ಡಾಗಿದ್ರೆ ಯಾವನಪ್ಪ ನಿಂಗೆ ಟಿಪ್ಸ್ ಕೊಡ್ತಾನೆ?" ಅಂತ ತಮ್ಮ ಜೊತೆಯವರ ಹತ್ತಿರವೇ ಜಗಳವಾಡಿದರು. ಒಂದು ವಾರ ಅವರ ಜೊತೆ ಯಾರೂ ಮಾತಾಡಲಿಲ್ಲ. ಆಮೇಲೆ ಒಪ್ಪಿಕೊಂಡರು.

ಆಮೇಲೆ ಹೋಟೆಲು ಹೊಸಬರ ಕೈಗೆ ಬಂತು. ಡಬ್ಬಿ ಹೋಯಿತು. ಪ್ರತಿ ಮೇಜಿನ ಮೇಲೂ ಫೋನಿನಲ್ಲಿ ಸ್ಕ್ಯಾನ್ ಮಾಡುವ ಒಂದು ಸ್ಟಿಕ್ಕರ್ ಬಂತು. "ನಮ್ಮ ಸಿಬ್ಬಂದಿಗೆ ನಿಮ್ಮ ಮೆಚ್ಚುಗೆ" ಅಂತ ಚೆಂದವಾಗಿ ಬರೆದಿತ್ತು. ಗಿರಾಕಿಗಳು ಪಾಪ, ಖುಷಿಯಿಂದ ಹಾಕುತ್ತಿದ್ದರು. ದುಡ್ಡು ಹೋಗುತ್ತಿದ್ದದ್ದು ಮಾಲೀಕರ ಖಾತೆಗೆ. ಅದರ ಮೇಲೆ ಲೋಟ ಒಡೆದದ್ದು, ಯೂನಿಫಾರಂ ಒಗೆದದ್ದು ಅಂತ ಸಂಬಳದಲ್ಲೂ ಮುರಿದುಕೊಳ್ಳತೊಡಗಿದರು. ಕೇಳಿದರೆ, ಮುಂದಿನ ತಿಂಗಳು ಸರಿಮಾಡೋಣ ಅನ್ನುವರು. ಮುಂದಿನ ತಿಂಗಳೂ ಅದೇ ಉತ್ತರ.

ಇಲ್ಲಿ ಸಿದ್ದಲಿಂಗಸ್ವಾಮಿ ಮೇಷ್ಟ್ರು ಬಂದಿದ್ದಾರೆ, ಅಲ್ಲಿ ಕಿಟಕಿಯ ಹತ್ತಿರ ಕೂತಿದ್ದಾರೆ. ಕುವೆಂಪುನಗರದಿಂದ ಪ್ರತಿ ಶನಿವಾರ ನಮ್ಮ ಹೋಟೆಲಿಗೆ ತಿಂಡಿಗೆ ಬರುವವರು. ಒಂದು ಶನಿವಾರ ಬಿಲ್ ಕೊಟ್ಟು ಅವರು ಮಾದಣ್ಣನನ್ನು ಕೇಳಿದರು: "ಏನಪ್ಪ, ನಾನು ಇದರಲ್ಲಿ ಹಾಕೋದು ನಿಮಗೆ ತಲುಪುತ್ತೇನಯ್ಯ?"

ಮಾದಣ್ಣ ಹೇಳಿದರು: "ಇಲ್ಲ ಸಾರ್."

ಅಷ್ಟೇ. ದೂರಿನ ಧ್ವನಿಯೂ ಅಲ್ಲ, ಅಳುವ ಧ್ವನಿಯೂ ಅಲ್ಲ. ಕಾಫಿ ಖಾಲಿ ಆಗಿದೆ ಅನ್ನುವ ಹಾಗೆ ಹೇಳಿದರು. ಅದು ಮ್ಯಾನೇಜರ್ ಪ್ರಸಾದ್ ಅವರ ಕಿವಿಗೆ ಬಿತ್ತು. ಒಳಗೆ ಕರೆದರು. "ಗಿರಾಕಿ ಮುಂದೆ ಹೋಟೆಲ್ ಮಾನ ಕಳೀತೀಯೇನಯ್ಯ?" ಅಂದರು. "ಕೇಳುದ್ರು ಸಾರ್, ಯೋಳ್ದೆ. ಸುಳ್ ಯೋಳ್ಬೇಕಿತ್ತಾ?" ಅಂದರು ಮಾದಣ್ಣ. ಕ್ಷಮಾಪಣೆ ಬರೆದುಕೊಡು ಅಂದದ್ದಕ್ಕೆ ಬರೆದುಕೊಡಲಿಲ್ಲ. ಬದಲಿಗೆ ಮರುವಾರ ಕಾರ್ಮಿಕ ಇಲಾಖೆಗೆ ಹೋಗಿ ಅರ್ಜಿ ಕೊಟ್ಟು ಬಂದರು. ಟಿಪ್ಸ್ ವಿಚಾರ, ಸಂಬಳ ಮುರಿದುಕೊಂಡ ವಿಚಾರ, ಎಲ್ಲರ ಪರವಾಗಿ.

ಮೇಷ್ಟ್ರೇ — ಈಗ ಬಾಗಿಲಲ್ಲಿ ನೀವು ನನ್ನ ಹತ್ತಿರ ಹೇಳಿದಿರಿ, "ನಾನು ಅವತ್ತು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತಮ್ಮ" ಅಂತ. ಹಾಗೆ ಅಂದುಕೊಳ್ಳಬೇಡಿ ಸರ್. ಅಷ್ಟು ಜನ ತಿಂದು ಹೋದರು, ಕೇಳಿದವರು ನೀವೊಬ್ಬರೇ. ಅದನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಅದೇ ಇನ್ನೊಂದು ಕೇಸಾಗುತ್ತಿತ್ತು. ಮೂರನೇ ಮಹಡಿಯಲ್ಲಿ ನಮ್ಮದೊಂದು ಪಾರ್ಟಿ ಹಾಲ್ ಇದೆ. ಲಿಫ್ಟ್ ಕೆಟ್ಟ ಮೇಲೆ ಯಾರೂ ಬುಕ್ ಮಾಡುವುದಿಲ್ಲ. ಮಾದಣ್ಣನನ್ನು ಆ ಹಾಲ್‌ಗೆ ಹಾಕಿದರು. ಬೆಳಿಗ್ಗೆ ಬಂದು ನಿಲ್ಲಬೇಕು, ಸಂಜೆ ಹೋಗಬೇಕು. ಕೆಳಗೆ ಇಳಿಯಬಾರದು. ಊಟಕ್ಕೆ ಎಲ್ಲರದೂ ಮುಗಿದ ಮೇಲೆ ಬರಬೇಕು. ಅವರ ಜೊತೆ ನಿಂತು ಮಾತಾಡಿದವರ ಶಿಫ್ಟ್ ಕಡಿಮೆಯಾಗುತ್ತದೆ ಅಂತ ಕೆಳಗಿನವರಿಗೆ ತಿಳಿಸಿದರು. ಅರ್ಜಿ ಇತ್ಯರ್ಥವಾಗುವವರೆಗೆ ಅರ್ಧ ಸಂಬಳ.

ನನ್ನ ಬಟ್ಟೆ ಕೋಣೆ ಅದೇ ಮಹಡಿಯಲ್ಲಿದೆ, ಆ ಹಾಲ್‌ನ ಪಕ್ಕದ ಬಾಗಿಲು. ಹಾಗಾಗಿ ನನ್ನನ್ನು ತಡೆಯಲು ಅವರಿಗೆ ಆಗಲಿಲ್ಲ.

ಮೊದಲ ದಿನ ಬೆಳಿಗ್ಗೆ ಬಂದು, "ಒಂದು ಮೇಜಿಗೆ ಆಗೋಷ್ಟು ಬಟ್ಟೆ ಕೊಡಮ್ಮ" ಅಂದರು. ಕೊಟ್ಟೆ. ಹಾಸಿದರು. ತಟ್ಟೆ, ಲೋಟ, ಚಮಚ ಇಟ್ಟರು. ಸಂಜೆ ಎಲ್ಲ ತೆಗೆದು, ಒರೆಸಿ, ಬಟ್ಟೆಯನ್ನು ವಾಪಸ್ ತಂದುಕೊಟ್ಟರು. ಮಡಿಕೆಯ ಗೆರೆ ಕೂಡ ಅಳಿಸಿರಲಿಲ್ಲ. ಮರುದಿನವೂ ಹಾಗೇ. ಒಂದು ದಿನ ತಡೆಯಲಾರದೆ ಕೇಳಿದೆ — "ಯಾರ್ ಬರ್ತಾರೆ ಅಂತ ಹಾಸ್ತೀರ ಮಾದಣ್ಣ?"

"ಯಾರೂ ಬರಲ್ಲ ಕಣಮ್ಮ. ಕೈ ಮರ್ತುಬುಟ್ರೆ ಅಂತ."

ದಸರಾ ಬಂತು. ನಿಮಗೇ ಗೊತ್ತು, ಆ ಹತ್ತು ದಿನ ಮೈಸೂರಿನ ಯಾವ ಹೋಟೆಲಿನಲ್ಲೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕೆಳಗೆ ಕೈ ಸಾಲದೆ ಹೊರಗಿನಿಂದ ಹುಡುಗರನ್ನು ಕರೆಸಿದರು. ಮಾದಣ್ಣನನ್ನು ಕರೆಯಲಿಲ್ಲ. ಅವರು ಮೇಲಿನ ಮೆಟ್ಟಿಲಿನ ಹತ್ತಿರ ನಿಂತು ಕೆಳಗಿನ ಸದ್ದು ಕೇಳಿಸಿಕೊಳ್ಳುತ್ತಿದ್ದರು. "ಇವತ್ ಜನ ಜಾಸ್ತಿ ಕಣಮ್ಮ. ಲೋಟ ಸಾಲ್ತಾ ಇಲ್ಲ" ಅನ್ನುತ್ತಿದ್ದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಊಟ ಮುಗಿಸಿ ಹೊರಗೆ ಬರುವವರನ್ನು ನೋಡುತ್ತಿದ್ದರು. ಒಬ್ಬೊಬ್ಬರನ್ನೇ ನೋಡುತ್ತಿದ್ದರು.

ನಿಶಾಂತ್‌ಗೆ ಕೆಲಸ ಕಲಿಸಿದವರು ಅವರು. ಒಂದು ಕೈಯಲ್ಲಿ ನಾಲ್ಕು ತಟ್ಟೆ ಹಿಡಿಯುವುದನ್ನು ಕಲಿಸಿದವರು. ಒಂದು ದಿನ ಮೆಟ್ಟಿಲಿನಲ್ಲಿ ಇಬ್ಬರೂ ಎದುರಾದರು. ನಿಶಾಂತ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಇಳಿದು ಹೋದ. ನನಗೆ ಸಿಟ್ಟು ಬಂತು. ಮಾದಣ್ಣ, "ಬುಡಮ್ಮ, ಅವ್ನ ಹೆಂಡ್ತಿಗೆ ದಿನ ತುಂಬೈತೆ. ಈಗ ಕೆಲ್ಸ ಹೋದ್ರೆ ಎಂಗೆ?" ಅಂದರು. ಹಾಗೆ ಅಂದು ಹಾಲ್ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅವತ್ತು ಸಂಜೆಯವರೆಗೂ ಹೊರಗೆ ಬರಲಿಲ್ಲ.

ನಿಶಾಂತ್, ನೀನು ಇಲ್ಲೇ ಇದ್ದೀಯ, ನನಗೆ ಕಾಣಿಸುತ್ತಿದೆ. ನಿನ್ನನ್ನು ಬಯ್ಯಲು ಇದನ್ನು ಹೇಳಲಿಲ್ಲಪ್ಪ. ಅವರು ನಿನ್ನ ಬಗ್ಗೆ ಏನು ಅಂದರು ಅನ್ನುವುದು ನಿನಗೆ ಗೊತ್ತಾಗಲಿ ಅಂತ ಹೇಳಿದೆ.

ಒಮ್ಮೆ ಪ್ರಸಾದ್ ಅವರು ಮೇಲೆ ಬಂದರು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು. "ನಿಂದೆಷ್ಟಿದೆಯೋ ಪೂರ್ತಿ ತಗೊಂಡು ಅರ್ಜಿ ವಾಪಸ್ ತಗೊಳಯ್ಯ. ನಾಳೆನೇ ಕೆಳಗಡೆ ಬಾ. ಯಾರಿಗೂ ಗೊತ್ತಾಗಲ್ಲ."

ಮಾದಣ್ಣ ಕೆಳಗೆ ಹೋಗಲು ಎಷ್ಟು ಹಂಬಲಿಸುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಒಪ್ಪಿಕೊಳ್ಳಲಿ ಅಂತ ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

"ಅದು ನಂದೊಬ್ಬಂದೇ ಅಲ್ವಲ್ಲ ಸಾರ್" ಅಂದರು.

ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಕರೆದಾಗ ಮಾದಣ್ಣ, ನಾನು ಇಬ್ಬರೇ ಹೋಗುತ್ತಿದ್ದೆವು. ಹೋಟೆಲಿನ ವಕೀಲರು ಪ್ರತಿ ಸಲ ಮುಂದಿನ ತಾರೀಖು ಕೇಳುತ್ತಿದ್ದರು. ನಾವು ಹೊರಗಿನ ಬೆಂಚಿನ ಮೇಲೆ ಕೂತು, ಮಾದಣ್ಣ ಮನೆಯಿಂದ ಕಟ್ಟಿಸಿಕೊಂಡು ಬಂದ ಚಿತ್ರಾನ್ನ ಹಂಚಿಕೊಂಡು ತಿಂದು ವಾಪಸ್ ಬರುತ್ತಿದ್ದೆವು. ಕೊನೆಗೆ ಅಧಿಕಾರಿಗಳು ಇನ್ನು ತಾರೀಖು ಕೊಡುವುದಿಲ್ಲ ಅಂದರು. ಸ್ಟಿಕ್ಕರಿನಲ್ಲಿ ಬಂದದ್ದೆಲ್ಲ ಸಿಬ್ಬಂದಿಗೇ ಹಂಚುತ್ತೇವೆ, ಮುರಿದುಕೊಂಡ ಸಂಬಳ ಕೊಡುತ್ತೇವೆ, ಸಣ್ಣಮಾದಯ್ಯನವರನ್ನು ಮೊದಲಿನ ಕೆಲಸಕ್ಕೆ ಹಾಕುತ್ತೇವೆ ಅಂತ ಮಾಲೀಕರು ಅವರ ಮುಂದೆ ಸಹಿ ಹಾಕಿದರು. ಕೊಟ್ಟರು ಕೂಡ. ಇಲ್ಲಿರುವ ನಮ್ಮ ಹೋಟೆಲಿನವರೆಲ್ಲರಿಗೂ ಸಿಕ್ಕಿದೆ.

ಮಾದಣ್ಣ ಕೆಳಗಿಳಿದು ಬಂದರು.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಆದದ್ದನ್ನು ಹೇಳಬೇಕು. ಅವರು ಕೆಳಗೆ ಬಂದ ದಿನ ಯಾರಿಗೂ ಅವರ ಹತ್ತಿರ ಮಾತಾಡುವುದು ಹೇಗೆ ಅಂತ ತಿಳಿಯಲಿಲ್ಲ. ಅಷ್ಟು ದಿನ ಮಾತು ಬಿಟ್ಟವರು ಈಗ ಏನು ಹೇಳಬೇಕು? ಕೆಲವರಿಗೆ ನಾಚಿಕೆ. ಕೆಲವರಿಗೆ ಹೆದರಿಕೆ ಇನ್ನೂ ಹೋಗಿರಲಿಲ್ಲ. ಒಬ್ಬರು ಮೆಲ್ಲಗೆ "ಥ್ಯಾಂಕ್ಸ್ ಮಾದಣ್ಣ" ಅಂದು ಬೇಗ ಆಚೆ ಹೋದರು. ಪಾತ್ರೆ ತೊಳೆಯುವವರು ಆಮೇಲೆ ನನಗೆ ಹೇಳಿದ್ದು ಇದು: ಮಧ್ಯಾಹ್ನ ಊಟದ ಹೊತ್ತಿಗೆ ಮಾದಣ್ಣ ತಟ್ಟೆ ಹಿಡಿದುಕೊಂಡು ಒಂದು ಕ್ಷಣ ನಿಂತರು. ಎಲ್ಲರೂ ಕೂತಿದ್ದ ಕಡೆ ನೋಡಿದರು. ಬೇಡ ಅಂತ ಯಾರೂ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ. ಅವರು ಹೋಗಿ ಮೆಟ್ಟಿಲಿನ ಮೇಲೆ ಕೂತು ಊಟ ಮಾಡಿದರು. ನಾನು ಇಳಿದು ಬರುವಷ್ಟರಲ್ಲಿ ತಟ್ಟೆ ತೊಳೆದಿಟ್ಟಾಗಿತ್ತು.

ಹೀಗೇ ಒಂದಷ್ಟು ವಾರ ನಡೆಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ಬೋಗಾದಿ ಬಸ್ ಸ್ಟಾಪಿನಲ್ಲಿ, ಕೆಲಸಕ್ಕೆ ಹೊರಟು ನಿಂತಿದ್ದಾಗ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅಲ್ಲಿದ್ದವರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದರೊಳಗೆ ಎಲ್ಲ ಮುಗಿದಿತ್ತು.

ಇನ್ನೊಂದು ಮಾತು. ಇದನ್ನು ಪುಟ್ಟಲಿಂಗಮ್ಮನವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ಮಾದಣ್ಣ ಹೋದ ಮೇಲೆ ಅವರ ಮನೆಗೆ ಹೋದಾಗ ಮಾತಿನ ನಡುವೆ ನಾನು ಆ ಹಾಲ್‌ನ ವಿಷಯ ಎತ್ತಿದೆ. ಎತ್ತಿದ ಮೇಲೆ ಗೊತ್ತಾಯಿತು, ಮಾದಣ್ಣ ಅದನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕೇಸು ಇದೆ, ಅರ್ಧ ಸಂಬಳ — ಅಷ್ಟು ಹೇಳಿದ್ದರು. ಆ ವರ್ಷ ಪುಟ್ಟಲಿಂಗಮ್ಮನವರೇ ಹತ್ತಿರದ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡಿ ಸಂಸಾರ ತೂಗಿಸಿದರು. ಆದರೆ ದಿನಾ ಸಂಜೆ ಮಾದಣ್ಣ ಮನೆಗೆ ಬಂದು, ಇವತ್ತು ಯಾರು ಯಾರು ಊಟಕ್ಕೆ ಬಂದಿದ್ದರು ಅಂತ ಹೇಳುತ್ತಿದ್ದರಂತೆ. ಒಂದು ದಿನ ಹೊಸದಾಗಿ ಮದುವೆಯಾದ ಜೋಡಿ. ಇನ್ನೊಂದು ದಿನ ಐಸ್ ಕ್ರೀಂ ಬೇಕು ಅಂತ ರಚ್ಚೆ ಹಿಡಿದ ಮಗು. ಮತ್ತೊಂದು ದಿನ ಚಟ್ನಿಗೆ ಹೆಸರಿಟ್ಟು ಮೂರು ಸಲ ಹಾಕಿಸಿಕೊಂಡ ಮುದುಕರು.

ಅಯ್ಯೋ, ಹೇಳಬಾರದ್ದನ್ನು ಹೇಳಿಬಿಟ್ಟೆನಲ್ಲ ಅನ್ನಿಸಿತು. ಪುಟ್ಟಲಿಂಗಮ್ಮನವರು ನನ್ನ ಕೈ ಹಿಡಿದುಕೊಂಡು ಹೇಳಿದರು —

"ನಂಗೊತ್ತಿತ್ತು ಕಣವ್ವ. ಬಟ್ಟೆ ಒಗೆಯೋಳು ನಾನಲ್ವಾ. ಮೊದ್ಲೆಲ್ಲ ಅಂಗಿ ತುಂಬ ಸಾಂಬಾರ್ ವಾಸ್ನೆ ಇರೋದು. ಆ ವರ್ಸ ಏನೂ ಇರ್ತಿರ್ನಿಲ್ಲ. ಯೋಳ್ಲಿ ಬುಡು ಅಂತ ಕೇಳ್ಕತಿದ್ದೆ. ಆಮೇಲೇನಾಯ್ತು ಅಂತಾನೂ ಕೇಳ್ತಿದ್ದೆ."

ಇದಕ್ಕಿಂತ ಹೆಚ್ಚಿಗೆ ನನಗೆ ಹೇಳಲು ಬರುವುದಿಲ್ಲ.

ಈಗ ಒಂದು ಕೋರಿಕೆ. ಮುಂದಿನ ಸಾಲಿನಲ್ಲಿ ತಾಯಿ ಮಗಳು ಇಬ್ಬರೇ ಕೂತಿದ್ದಾರೆ. ನಮ್ಮ ಹೋಟೆಲಿನವರು ಬಾಗಿಲ ಹತ್ತಿರ ನಿಂತಿದ್ದೀರಿ. ಡ್ಯೂಟಿಗೆ ಹೊತ್ತಾಯಿತು ಅನ್ನುವುದು ನನಗೂ ಗೊತ್ತು. ಆದರೂ ದಯವಿಟ್ಟು ಮುಂದೆ ಬನ್ನಿ. ಅವರ ಅಕ್ಕಪಕ್ಕದ ಕುರ್ಚಿಗಳ ಹತ್ತಿರ ಬಂದು ನಿಂತುಕೊಳ್ಳಿ... ಬನ್ನಿ. ನಿಶಾಂತ್, ಬಾಪ್ಪ.

ಕೂತಿರುವವರೂ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಮಾದಣ್ಣನಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಮೌನ ಮುಗಿದ ತಕ್ಷಣ ಯಾರೂ ಹೊರಟುಬಿಡಬೇಡಿ. ಪುಟ್ಟಲಿಂಗಮ್ಮನವರ ಹತ್ತಿರ ಹೋಗಿ, ಒಬ್ಬೊಬ್ಬರೂ ಅವರನ್ನು ಮಾತಾಡಿಸಿ.