ಪಳಗುವ ತನಕ

ನಗಬೇಡ ನುಸ್ರತ್! ಎಂತ ನಗುವುದು ನೀನು? ಲೂನಾದವನು ನಮ್ಮನ್ನು ಹಿಂದೆ ಹಾಕಿ ಹೋದ ಅಂತಲಾ? ಹೋಗಲಿ ಬಿಡು. ಅವನದ್ದು ಹಳೇ ಎಂಜಿನ್, ಹೇಗೂ ಓಡಿಸಬಹುದು. ಇದು ಹಾಗಲ್ಲ ಮಾರಾಯ್ತಿ, ಹೊಸ ಕಾರು, ಟರ್ಬೊ ಎಂಜಿನ್! ಒಮ್ಮೆ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಆದರೆ ಈಗ ಒತ್ತಬಾರದು. ಎಂಜಿನ್ನಿನ ವೇಗ ತೋರಿಸುವ ಈ ಮುಳ್ಳು ಉಂಟಲ್ಲ, ಇದು ಮೂರರ ಗೆರೆ ದಾಟಬಾರದು. ಒಳಗೆ ಪಿಸ್ಟನ್ನಿನ ರಿಂಗು ಸಿಲಿಂಡರಿನ ಗೋಡೆಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಹೊಸ ಚಪ್ಪಲಿ ಕಾಲಿಗೆ ಹೊಂದುವುದಿಲ್ವಾ, ಹಾಗೆ. ಅಲ್ಲಿಯ ತನಕ ತಾಳ್ಮೆ ಬೇಕು.

ಎಂತ? ಹೌದು, ಹೇಳಿದ್ದನ್ನೇ ಹೇಳುತ್ತೇನೆ, ಗೊತ್ತುಂಟು. ನಿನಗೆ ಅರ್ಥವಾಗಿದ್ದರೆ ನಿನ್ನ ಅಕ್ಕ ಐಸಮ್ಮನ ಮನೆಯಲ್ಲಿ ಇಷ್ಟು ಹೊತ್ತು ಕೂರುತ್ತಿರಲಿಲ್ಲ. ಊಟವಾದ ಕೂಡಲೇ ಹೊರಡುವ ಅಂದೆ. ಚಾ ಆಯಿತು, ಇನ್ನು ಹೊರಡುವ ಅಂದೆ. ಅಕ್ಕನ ಜತೆ ಒಳಗೆ ಹೋಗಿ ಕೂತವಳು ಅಸರ್ ನಮಾಜಿನ ಹೊತ್ತು ಕಳೆದರೂ ಏಳಲಿಲ್ಲ ನೀನು. ನಾನು ಅಂಗಳದಲ್ಲಿ ಆಚೆ ಈಚೆ ನಡೆದು ನಡೆದು... ಹಾರ್ನ್ ಕೂಡ ಹೊಡೆದೆ! ಕಾರ್ಕಳದಿಂದ ಕಾಪು ಎಂತ ಪಕ್ಕದ ಮನೆಯಾ? ನೋಡು, ಬೆಳ್ಮಣ್ಣು ದಾಟುವಾಗಲೇ ಹೊತ್ತು ಕೆಳಗಿಳಿಯಿತು.

ಸಿಟ್ಟಲ್ಲ ನನಗೆ. ಹೊಸ ಗಾಡಿಯನ್ನು ಕತ್ತಲಾದ ಮೇಲೆ ಓಡಿಸಬಾರದು, ಅಷ್ಟೇ. ಯಾಕೆ ಅಂದರೆ... ಹೆಡ್‌ಲೈಟ್ ಹಾಕಿದರೆ ಬ್ಯಾಟರಿಗೆ ಲೋಡು. ಬ್ಯಾಟರಿಯ ಲೋಡು ಎಂಜಿನ್ನಿಗೆ. "ಹ್ಞೂಂ" ಅಂದರೆ ಎಂತ? ನಂಬಿಕೆ ಇಲ್ವಾ? ಕುವೈಟಿನಲ್ಲಿ ಯೌವನ ಪೂರ್ತಿ ಸ್ಟೇರಿಂಗ್ ಹಿಡಿದವನು ನಾನಾ, ನೀನಾ?

ಅರಬಿಯ ಮನೆಗೆ ಹೊಸ ಗಾಡಿ ಬಂದರೆ ಮೊದಲು ಯಾರ ಕೈಗೆ ಬರುತ್ತಿತ್ತು ಹೇಳು? ಬಶೀರನ ಕೈಗೆ! ಅವನ ಮಕ್ಕಳಿಗೆ ತಾಳ್ಮೆ ಎಲ್ಲಿ? ಮೊದಲ ದಿನವೇ ಒತ್ತಿ ಒತ್ತಿ ಎಂಜಿನ್ನನ್ನು ಕೊಂದು ಹಾಕುತ್ತಿದ್ದರು. ಅದಕ್ಕೇ ಆ ಮುದುಕ, ಬಶೀರ್, ನೀನು ಪಳಗಿಸಿ ಕೊಡು ಅನ್ನುತ್ತಿದ್ದ. ಗೆರೆ ಎಳೆದ ಹಾಗಿನ ರಸ್ತೆ. ಅದರಲ್ಲಿ ನಾನೊಬ್ಬನೇ ಮೆಲ್ಲ... ಮೆಲ್ಲ... ಒಮ್ಮೆ ಏರಿಸುವುದು, ಒಮ್ಮೆ ಇಳಿಸುವುದು. ಮೊದಲು ಗಂಟಲು ಕಟ್ಟಿದ ಹಾಗೆ ಇರುತ್ತದೆ ನುಸ್ರತ್ ಅದರ ಸ್ವರ. ಒಂದು ದಿನ ಗಂಟಲು ಬಿಡುತ್ತದೆ. ಆಹಾ, ಆ ಸ್ವರ! ಇನ್ನು ಇದು ಓಡಬಹುದು ಅಂತ ಆಗ ಗೊತ್ತಾಗುತ್ತದೆ. ಆ ದಿನವೇ ಮಕ್ಕಳು ಬಂದು ಗಾಡಿ ತೆಗೆದುಕೊಂಡು ಹೋಗುತ್ತಿದ್ದರು. ಎಷ್ಟು ಗಾಡಿ ಪಳಗಿಸಿದೆ! ಒಂದೇ ಒಂದನ್ನೂ ಮನಸ್ಸು ಬಂದಷ್ಟು ಒತ್ತಿ ಓಡಿಸಿದವನಲ್ಲ ನಾನು. ಇದು ನನ್ನದು. ಇದನ್ನು ಯಾರೂ ಬಂದು ಕೇಳುವ ಹಾಗಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಓಡಿದರೆ ಪಳಗಿತು ಅಂತಲೇ...

ಬಸ್ಸನ್ನು ಓವರ್‌ಟೇಕ್ ಮಾಡು ಅಂತೀಯಾ? ಬೇಡ. ಇದರ ಹಿಂದೆಯೇ ಹೋಗುವ. ನಮ್ಮ ಕಡೆಯ ಬಸ್ಸು ಇಷ್ಟು ಮೆಲ್ಲ ಹೋಗುವುದು ನಮ್ಮ ನಸೀಬು ಅಂತ ಎಣಿಸಿಕೋ. ಹೊಗೆ ಬಂದರೆ ಗ್ಲಾಸ್ ಏರಿಸು. ಅದರ ಕೆಂಪು ಲೈಟು ಎಷ್ಟು ಚಂದ ಕಾಣುತ್ತದೆ ಅಲ್ವಾ? ಅದೊಂದು ಎದುರಿಗಿದ್ದರೆ ಸಾಕು.

ಎಂತ ಕೇಳಿದೆ? ಮಣಿಪಾಲಕ್ಕಾ? ಮೊನ್ನೆ ಹೋಗಿದ್ದೆ. ಗಾಡಿ ಪಳಗಿಸಲಿಕ್ಕೆ! ಹೊಸ ಎಂಜಿನ್ನಿಗೆ ಮಣಿಪಾಲದ ಏರು ಒಳ್ಳೆಯದು. ಆಸ್ಪತ್ರೆ ಎದುರು ನಿಲ್ಲಿಸಿದ್ದು ಅಂತ ಯಾರು ಹೇಳಿದ್ದು ನಿನಗೆ? ಬೀರಪ್ಪನಾ? ನಮ್ಮ ಕಂಪೌಂಡ್ ಕಟ್ಟಿದ ಬೀರಪ್ಪನಾ? ಅವನಿಗೆ ಕಲ್ಲು ಕಟ್ಟುವುದು ಬಿಟ್ಟು ಊರಿನವರ ಗಾಡಿ ನೋಡುವ ಕೆಲಸವಾ? ಜ್ಯೂಸ್ ಕುಡಿಯಲಿಕ್ಕೆ ನಿಲ್ಲಿಸಿದೆ ಮಾರಾಯ್ತಿ. ನಿಂಬೆ ಜ್ಯೂಸ್. ಅದಕ್ಕೂ ನಿನ್ನನ್ನು ಕೇಳಬೇಕಾ?

ಮಾತಾಡು. ಸುಮ್ಮನಾಗಬೇಡ. ಏನಾದರೂ ಹೇಳು, ಐಸಮ್ಮ ಎಂತ ಹೇಳಿದಳು ಅಂತಾದರೂ ಹೇಳು.

ಬಸ್ಸು... ಬಸ್ಸು ಎಲ್ಲಿ ಹೋಯಿತು? ಶಂಕರಪುರದ ಕಡೆಗಾ? ತಿರುಗಿತಾ? ಆಯಿತು. ಹೋಗಲಿ. ನಮ್ಮದು ಕಾಪುವಿನ ರಸ್ತೆ, ನನಗೆ ಗೊತ್ತಿಲ್ಲದ ರಸ್ತೆಯಾ ಇದು? ಕಣ್ಣು ಮುಚ್ಚಿ... ಲೈಟು ಹಾಕಿದ್ದೇನೆ ನುಸ್ರತ್. ಹಾಕಿದ್ದೇನೆ! ಉರಿಯುತ್ತದಲ್ವಾ? ಉರಿಯುತ್ತದಾದರೆ ಸರಿ. ಎಡಗಡೆ ಜಾಗ ಎಷ್ಟುಂಟು? ಇಲ್ಲ, ಸುಮ್ಮನೆ ಕೇಳಿದೆ. ಮೆಲ್ಲ ಹೋಗುತ್ತೇನಲ್ಲ. ಇನ್ನೂ ಮೆಲ್ಲವಾ? ಇದಕ್ಕಿಂತ ಮೆಲ್ಲ ಹೋದರೆ ಎಂಜಿನ್ನಿಗೆ... ಎಂತ? ಎಲ್ಲಿ? ಸ್ಟೇರಿಂಗ್ ಬಿಡು! ಬಿಡು ನುಸ್ರತ್, ಹುಚ್ಚಾ ನಿನಗೆ, ಬಿಡು... ಯಾ ಅಲ್ಲಾಹ್!

ನಿಂತಿತು... ನಿಂತಿತಲ್ಲ. ತಾಗಲಿಲ್ಲ. ತಾಗಿದ್ದರೆ ಶಬ್ದ ಬರುತ್ತಿತ್ತು, ಶಬ್ದ ಬರಲಿಲ್ಲ. ಬಂತಾ? ಹೊಸ ಬ್ರೇಕನ್ನು ಹೀಗೆ ಒತ್ತಲೇಬಾರದು, ಒತ್ತಲೇಬಾರದು... ಯಾರದು? ಹೆಂಗಸಾ? ನೀನು ಇಳಿಯಬೇಡ, ನಾನು ಇಳಿಯುತ್ತೇನೆ. ಈ ಬೆಲ್ಟ್ ಒಂದು... ಇಳಿದೆಯಾ?

ನುಸ್ರತ್, ಯಾರದು? ಕೆಳಗೆ ಉರುಳುವ ಶಬ್ದ ಎಂತದ್ದು? ಗುಳ್ಳವಾ? ಗುಳ್ಳ ಬದನೆಯ ಚೀಲವಾ? ತಡಿ, ಆ ಸ್ವರ... ಅಪೊಲೋನಿಯಾ ಬಾಯಿ ಅಲ್ವಾ! ಬಾಯೀ, ನಾನು, ಬಶೀರ್! ನೀವು ಹಬ್ಬಕ್ಕೆ ಮಲ್ಲಿಗೆ ತಂದುಕೊಡುವ ಮನೆಯವನು! ಎಂತ ಬಾಯಿ ಇದು, ಹೀಗೆ ಕತ್ತಲಲ್ಲಿ ರಸ್ತೆಯ ನಡುವೆ... ಬದಿಯಲ್ಲಾ? ಬದಿಯ ಮಣ್ಣಿನಲ್ಲಿ ನಡೆಯುತ್ತಿದ್ದಿರಾ? ಇರಬಹುದು. ಆದರೆ ಕಪ್ಪು ಸೀರೆ ಉಟ್ಟುಕೊಂಡು ಬಂದರೆ ಯಾರಿಗೆ ಕಾಣು... ಬಿಳಿಯಾ? ಬಿಳಿ ಸೀರೆಯಾ?

ಟಾರ್ಚ್ ಕೂಡ ಹಿಡಿದಿದ್ದಿರಾ?

ನನ್ನ ಕಡೆಗೇ ಬೀಸಿದ್ದಿರಾ, ಬಾಯಿ?

ಹತ್ತಿ. ಗಾಡಿ ಹತ್ತಿ, ಆಸ್ಪತ್ರೆಗೆ ಹೋಗುವ. ಮೊಣಕಾಲು ತರಚಿದ್ದು ಮಾತ್ರವಾ? ಆದರೂ ಬನ್ನಿ, ಮನೆಗಾದರೂ ಬಿಡುತ್ತೇನೆ. ಬೇಡವಾ? ನಡೆದೇ ಹೋಗುತ್ತೀರಾ? ಈ ಗಾಡಿ ಹತ್ತುವುದಿಲ್ವಾ? ಸರಿ ಬಾಯಿ. ಸರಿ. ನನ್ನದು... ಮಾಫ್ ಮಾಡಿ ಬಾಯಿ.

ಹೋದರಾ? ಚಪ್ಪಲಿಯ ಶಬ್ದ ದೂರವಾಯಿತು. ಕುಂಟುತ್ತಾರಾ ಅವರು?

ಬಾ, ನುಸ್ರತ್. ಕೂತುಕೋ. ಟರ್ಬೊ ಬಿಸಿ ಉಂಟು, ಕೂಡಲೇ ಆಫ್ ಮಾಡಬಾರದು, ಅದಕ್ಕೆ ಚಾಲೂ ಇಟ್ಟಿದ್ದೇನೆ. ಬಾಯಿಯದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಗ್ಲಾಸಿನಲ್ಲಿ ಧೂಳು ಇತ್ತು. ಬಸ್ಸಿನ ಹೊಗೆ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುವ, ಗುಳ್ಳ ಕೊಂಡುಹೋಗಿ ಕೊಡುವ, ಮಟ್ಟುವಿನದ್ದೇ, ಒಳ್ಳೆಯದು ನೋಡಿ. ಆಯಿತಾ? ಬಾ ಈಗ.

ನುಸ್ರತ್?

ಬಾಯಿಯ ಜತೆ ಹೋದೆಯಾ? ಇಲ್ಲ, ಒಬ್ಬರದ್ದೇ ಹೆಜ್ಜೆ ಕೇಳಿದ್ದು. ಹಿಂದೆ ನಿಂತಿದ್ದೀಯಾ? ಸಿಟ್ಟಿದ್ದರೆ ಬೈದುಬಿಡು. ನನ್ನ ಹೆತ್ತ ಉಮ್ಮನನ್ನೂ ಸೇರಿಸಿ ಬೈ, ಇವತ್ತು ಬೈಯಬಹುದು. ಸುಮ್ಮನಿರಬೇಡ. ನಾನು ಹೊರಡುತ್ತೇನೆ ನೋಡು. ಗೇರ್ ಹಾಕಿದೆ. ಹೊರಡುತ್ತೇನೆ, ಆಮೇಲೆ ನಡೆದುಕೊಂಡು ಬಾ. ಹೊರಟೆ...

ಎದುರು ಇಲ್ಲ ಅಲ್ವಾ ನೀನು? ಗಾಡಿಯ ಎದುರು? ನುಸ್ರತ್, ಎದುರು ನಿಂತಿಲ್ಲ ಅಂತ ಹೇಳು. ಒಂದು ಮಾತು! ಕೆಮ್ಮಿದರೂ ಸಾಕು! ಹೇಗೆ ಕ್ಲಚ್ ಬಿಡುವುದು ನಾನು, ನೀನು ಎಲ್ಲಿದ್ದೀ ಅಂತ ಗೊತ್ತಿಲ್ಲದೆ? ಅಲ್ಲಾಹನೇ... ಇವಳನ್ನು ಮಾತಾಡಿಸು...

ಆಫ್ ಮಾಡಿದೆ. ಕೇಳಿತಾ? ಎಂಜಿನ್ ಆಫ್.

ಯಾರು? ಯಾರು ಕೈ... ನಿನ್ನ ಬಳೆ. ನಿನ್ನ ಕೈ ಇದು. ಇಲ್ಲೇ? ನನ್ನ ಕಿಟಕಿಯ ಹತ್ತಿರವೇ? ಇಷ್ಟು ಹತ್ತಿರ ಇದ್ದೆಯಾ? ಎಷ್ಟು ಹೊತ್ತಿನಿಂದ? ನಾನು ಕೂಗುವಾಗ ಇಲ್ಲೇ... ನನ್ನ ಮುಖ ನೋಡಿಕೊಂಡು ಇಲ್ಲೇ...

ಬೇಕಂತಲೇ ತಡ ಮಾಡಿದ್ದಾ ಐಸಮ್ಮನ ಮನೆಯಲ್ಲಿ?

ಎಲ್ಲ ಗೊತ್ತಿತ್ತು ಹಾಗಾದರೆ.

ಬಿಟ್ಟು ಬಂದದ್ದಲ್ಲ ನುಸ್ರತ್ ನಾನು ಕುವೈಟನ್ನು. ಕಳಿಸಿದ್ದು. ಅಲ್ಲಿಯ ಡಾಕ್ಟರ್ ಹೇಳಿದ್ದನ್ನೇ ಮಣಿಪಾಲದವರೂ ಹೇಳಿದರು. ಕಣ್ಣಿನ ಬದಿಯ ನೋಟವೆಲ್ಲ ಹೋಗಿದೆ. ನಡುವಿನಲ್ಲಿ ಮಾತ್ರ ಸ್ವಲ್ಪ, ಪೈಪಿನ ಒಳಗಿನಿಂದ ನೋಡಿದ ಹಾಗೆ. ಕತ್ತಲಾದರೆ ಅದೂ ಇಲ್ಲ. ಮದ್ದಿಲ್ಲವಂತೆ. ಗಾಡಿ ಮುಟ್ಟಬೇಡಿ ಅಂದರು. ಆಯಿತು ಅಂದೆ. ಹೊರಗೆ ಬಂದು ಗಾಡಿ ಹತ್ತಿದೆ. ಎಂತ ಮಾಡಲಿ ಹೇಳು, ನನಗೆ ಬೇರೆ ಎಂತ ಗೊತ್ತುಂಟು? ಪೂರ್ತಿ ಹೋಗುವ ಮೊದಲು ಒಮ್ಮೆ, ಒಂದೇ ಒಂದು ಸಲ ಮನಸ್ಸು ಬಂದಷ್ಟು ಒತ್ತಿ... ಅದಕ್ಕೆ ಬಾಯಿಯನ್ನು ಕೊಲ್ಲುತ್ತಿದ್ದೆ ನಾನು. ನಿನ್ನನ್ನೂ ಕೂರಿಸಿಕೊಂಡು...

ಬಾಗಿಲು ತೆರೆದೆಯಾ? ಇಳಿಯಬೇಕಾ?

ಆಯಿತು. ಇಳಿದೆ. ಗಾಡಿ ಇಲ್ಲೇ ಬದಿಯಲ್ಲಿರಲಿ, ನಾಳೆ ಯಾರಾದರೂ ಬಂದು ತರಲಿ. ಬಾಗಿಲು ನೀನೇ ಹಾಕು. ಇನ್ನೂ ಮಾತಾಡುವುದಿಲ್ವಾ? ಬೇಡ, ಮಾತಾಡಬೇಡ. ಅಳುವುದು ಕೇಳುತ್ತದೆ ನನಗೆ.

ಕೈ ಮಾತ್ರ ಬಿಡಬೇಡ ನುಸ್ರತ್. ನನಗೆ... ನನಗೆ ರಸ್ತೆ ಕಾಣುವುದಿಲ್ಲ.