ಮಹಡಿಯ ಮೇಲಿನ ವಾಚನಾಲಯ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಗಣ್ಯರೇ, ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಯುವರಾಜ್ ಅವರೇ, ನನ್ನ ಮಗಳ ಜೊತೆ ಓದಿದ ಮಕ್ಕಳೇ, ಸಭಿಕರೇ,

ಮಕ್ಕಳೇ ಎಂದದ್ದಕ್ಕೆ ಬೇಸರಪಡಬೇಡಿ. ನಿಮ್ಮಲ್ಲಿ ಕೆಲವರ ತಲೆ ನನ್ನ ತಲೆಗಿಂತ ಹೆಚ್ಚು ನರೆತಿದೆ, ನೋಡಿದೆ. ಆದರೂ ನನ್ನ ಕಣ್ಣಿಗೆ ನೀವು ಮಕ್ಕಳೇ.

ನಾನು ರಾಮಾಂಜಿನಮ್ಮ, ಪುರವರದವಳು. ಓದಿದ್ದು ಏಳನೇ ತರಗತಿ. ಮಧುಗಿರಿಯ ಈ ಕಾಲೇಜಿನಲ್ಲಿ ಓದಿದವಳು ನನ್ನ ಮಗಳು ರಾಧಾಮಣಿ. ಕಳೆದ ಮಾಘದಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ಹೆಸರಿನಲ್ಲಿ ನೀವೆಲ್ಲ ಸೇರಿ ಇದೇ ಮಹಡಿಯ ಕೊನೆಯ ಕೋಣೆಯಲ್ಲಿ ವಾಚನಾಲಯ ಮಾಡಿಸಿದ್ದೀರಿ. ಇನ್ನು ಸ್ವಲ್ಪ ಹೊತ್ತಿಗೆ ಅದರ ಟೇಪು ಕತ್ತರಿಸಬೇಕಾದವಳು ನಾನು. ಅದಕ್ಕೆ ಮೊದಲು ಎರಡು ಮಾತು ಆಡಿ ಎಂದರು. ಸಭೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ದಿನಾ ಸಂಜೆ ನಾಲ್ಕು ಸಾಲು ಬರೆದಿಡುವ ಅಭ್ಯಾಸವಿದೆ. ಹಾಗಾಗಿ ಇದನ್ನೂ ಬರೆದುಕೊಂಡೇ ಬಂದೆ.

ಬೆಳಗಿನಿಂದ ನೀವು ಅವಳ ನೆನಪು ಹೇಳಿದಿರಿ. ಎಲ್ಲರೂ ಹೇಳಿದ್ದು ಒಂದೇ ನೆನಪು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಎತ್ತಿಕೊಂಡು ಬಂದದ್ದು. ನಿಜ. ಚಿಕ್ಕವಳಿದ್ದಾಗ ಪೋಲಿಯೊ ಬಂದು ಅವಳ ಕಾಲು ಹೋಯಿತು. ನಾನು ಸೊಂಟದ ಮೇಲೆ ಹೊತ್ತು ಬಸ್ಸಿಳಿಸಿ ಗೇಟಿನವರೆಗೆ ತರುತ್ತಿದ್ದೆ. ಅಲ್ಲಿಂದ ಮುಂದೆ ನೀವು. ಯಾರೂ ನಿಮಗೆ ಹೇಳಿರಲಿಲ್ಲ. ನೀವಾಗಿಯೇ ಬಂದು ಕುರ್ಚಿ ಹಿಡಿದಿರಿ. ಓದು ಮುಗಿಯುವವರೆಗೂ ಹಿಡಿದಿರಿ. ಹೆತ್ತವಳು ಅದನ್ನು ಮರೆಯಲು ಸಾಧ್ಯವೇ?

ಒಂದು ದಿನ ಈ ಯುವರಾಜ್ ಕುರ್ಚಿ ಎತ್ತುತ್ತಾ, "ಏನ್ ರಾಧಾ, ಇವತ್ತು ಮುದ್ದೆ ಜಾಸ್ತಿ ಇಳಿಸ್ಬುಟ್ಟಿದ್ದೀಯಾ?" ಎಂದ.

"ನೀನು ಉಂಡಿಲ್ಲ ಕಣ್ಲಾ, ಅದ್ಕೇ ಭಾರ!" ಎಂದಳು ಅವಳು.

ಗೇಟಿನಲ್ಲಿ ನಿಂತಿದ್ದ ನಾನೂ ನಕ್ಕೆ. ಅವಳ ತರಗತಿ ನಡೆಯುತ್ತಿದ್ದ ಈ ಮಹಡಿಯ ಕೊನೆಯ ಕೋಣೆಯೆಂದರೆ ಅವಳಿಗೆ ಇಷ್ಟವೂ ಇತ್ತು. ಅಲ್ಲಿಯ ಕಿಟಕಿಯಿಂದ ಬೆಟ್ಟ ಇಡಿಯಾಗಿ ಕಾಣುತ್ತದಲ್ಲ, "ದಿನಾ ಅರ್ಧ ಬೆಟ್ಟ ಹತ್ತಿ ಬರ್ತೀನಿ ಕಣಮ್ಮ" ಎನ್ನುತ್ತಿದ್ದಳು. ಅದಕ್ಕೇ ನೀವು ಅವಳು ಕೂರುತ್ತಿದ್ದ ಕೋಣೆಯನ್ನೇ ಆರಿಸಿದ್ದೀರಿ. ನಿಮ್ಮ ಮನಸ್ಸು ದೊಡ್ಡದು.

ನಾನು ಬರೆದುಕೊಂಡು ಬಂದದ್ದು ಇಷ್ಟೇ. ಇದರ ಕೆಳಗೆ ವಂದನೆಗಳು ಎಂದಿದೆ. ಆದರೆ ಮೆಟ್ಟಿಲು ಹತ್ತುವ ಮೊದಲು ಹೊಂಗೆ ಮರದ ಕೆಳಗೆ ಒಬ್ಬ ಹುಡುಗಿ ಸಿಕ್ಕಳು. ಗಾಲಿಕುರ್ಚಿಯಲ್ಲಿ ಕೂತಿದ್ದಳು. ಹೆಸರು ಅನುಷಾ, ಕೊಡಿಗೇನಹಳ್ಳಿ ಕಡೆಯವಳು, ಮೊದಲ ವರ್ಷದ ಬಿ.ಎ. ಅವಳ ತರಗತಿ ಕೆಳಗೇ ನಡೆಯುತ್ತದಂತೆ. ಪ್ರಾಂಶುಪಾಲರೇ, ಅಷ್ಟಕ್ಕೆ ನಿಮಗೆ ಕೈ ಮುಗಿಯುತ್ತೇನೆ.

"ಮೇಲಕ್ಕೆ ಬರಲ್ವೇನಮ್ಮ?" ಎಂದೆ.

"ಇಲ್ಲೇ ಕೇಳಿಸ್ತೈತೆ ಬುಡಜ್ಜಿ, ಮೈಕ್ ಐತಲ್ಲ. ಎತ್ಕೊಂಡೋಗ್ತೀವಿ ಅಂದ್ರು, ನಾನೇ ಬ್ಯಾಡ ಅಂದ್ಬುಟ್ಟೆ. ಮೇಲೋದ್ರೆ ಮತ್ತೆ ಇಳಿಸ್ರಪ್ಪಾ ಅಂತ ಕೇಳ್ಬೇಕಲ್ಲ."

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿಯನ್ನು ರಾಧಾ ಸಂಜೆ ತುಂಬಿದ ಹಾಗೆಯೇ ತರುತ್ತಿದ್ದಳು. ಒಂದು ದಿನ ಗದರಿದೆ.

"ಇಂಥಾ ಬಿಸ್ಲಲ್ಲಿ ಒಂದು ಗುಟುಕೂ ಕುಡೀದೆ ಬಂದಿದ್ದೀಯಲ್ಲೇ!"

"ಕುಡುದ್ರೆ ಕೆಳಕ್ಕೋಗ್ಬೇಕಾಗ್ತೈತೆ ಕಣಮ್ಮ. ಬಾತ್‌ರೂಮಿಗೆ ಇಳಿಸ್ರೋ ಅಂತ ಆ ಹುಡುಗ್ರನ್ನ ಹೆಂಗೆ ಕೇಳ್ಲಿ?"

"ಕೆಳಗಡೆ ರೂಮಲ್ಲಿ ಪಾಠ ಮಾಡಿ ಅಂತ ನಾನೇ ಬಂದು ಹೇಳ್ತೀನಿ ಬುಡು."

"ಬ್ಯಾಡ ಕಣಮ್ಮ. ಪಾಪ, ಅವ್ರಿಗೆ ನನ್ನ ಎತ್ಕೊಂಡೋಗೋದು ಅಂದ್ರೆ ಖುಷಿ. ಬೇಜಾರು ಮಾಡ್ಕೊಂಬುಡ್ತಾರೆ."

ಮುದ್ದೆಯ ತಮಾಷೆ ಹೇಳಿದೆನಲ್ಲ, ಅದರ ಮಾರನೆಯ ದಿನದಿಂದ ಅವಳು ಬೆಳಿಗ್ಗೆ ಅರ್ಧ ಮುದ್ದೆ ಮಾತ್ರ ಉಣ್ಣುತ್ತಿದ್ದಳು. ಹಸಿವಿಲ್ಲ ಎನ್ನುತ್ತಿದ್ದಳು.

ಯುವರಾಜ್, ತಲೆ ತಗ್ಗಿಸಬೇಡಪ್ಪ. ನೀವು ಹೊರದೆ ಹೋಗಿದ್ದರೆ ಅವಳಿಗೆ ಡಿಗ್ರಿ ಇರುತ್ತಿರಲಿಲ್ಲ, ಪಂಚಾಯಿತಿ ಗ್ರಂಥಾಲಯದ ಕೆಲಸವೂ ಸಿಗುತ್ತಿರಲಿಲ್ಲ. ನೀವು ಹೊತ್ತದ್ದು ನಿಜ. ಅವಳು ನೀರು ಕುಡಿಯದೆ ಕೂತದ್ದೂ ನಿಜ. ನಾನು ಎರಡನ್ನೂ ಕಂಡವಳು.

ಆ ಕೋಣೆಯಲ್ಲಿ ಗೋಡೆ ತುಂಬ ಪುಸ್ತಕ ಜೋಡಿಸಿದ್ದೀರಿ. ಅವಳ ಫೋಟೊಗೆ ಹಾರ ಹಾಕಿದ್ದೀರಿ. ಅವಳು ಇವತ್ತು ಬದುಕಿದ್ದಿದ್ದರೆ ಅಲ್ಲಿಗೆ ಹೇಗೆ ಬರುತ್ತಿದ್ದಳು? ಒಂದು ಪುಸ್ತಕ ಓದಬೇಕೆಂದರೆ ಎಷ್ಟು ಜನರನ್ನು ಕೇಳಬೇಕಿತ್ತು? ಅನುಷಾ ಯಾರನ್ನು ಕೇಳಬೇಕು?

ಕೆಳಗೆ ಮೆಟ್ಟಿಲ ಪಕ್ಕದಲ್ಲಿ ಒಂದು ಕೋಣೆ ಇದೆ. ಮುರಿದ ಬೆಂಚು ತುಂಬಿ ಬೀಗ ಹಾಕಿದ್ದಾರೆ. ಅದರ ಕಿಟಕಿಯಿಂದ ಬೆಟ್ಟ ಕಾಣುವುದಿಲ್ಲ, ಸೈಕಲ್ ಸ್ಟ್ಯಾಂಡು ಕಾಣುತ್ತದೆ. ಇರಲಿ. ಪ್ರಾಂಶುಪಾಲರೇ, ಆ ಬೀಗ ತೆಗೆಸಿಕೊಡಿ. ಬೆಂಚುಗಳು ಮೇಲೆ ಬಂದು ಕೂರಲಿ, ಅವುಗಳಿಗೆ ಬಾಯಾರುವುದಿಲ್ಲ. ಪುಸ್ತಕಗಳು ಕೆಳಗಿಳಿಯಲಿ.

ಮೇಲಿನ ಕೋಣೆಯ ಟೇಪು ನಾನು ಕತ್ತರಿಸುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ. ಕತ್ತರಿ ನನ್ನ ಕೈಯಲ್ಲೇ ಇರುತ್ತದೆ, ಕೆಳಗೆ ಕತ್ತರಿಸುತ್ತೇನೆ. ಎತ್ತಿಕೊಂಡು ಹೋಗುವುದು ನಿಮಗೆ ಅಭ್ಯಾಸವಿರುವ ಕೆಲಸ. ಅವತ್ತು ನನ್ನ ಮಗಳನ್ನು ಎತ್ತಿಕೊಂಡು ಹತ್ತಿದಿರಿ. ಇವತ್ತು ಕೈ ತುಂಬ ಪುಸ್ತಕ ಎತ್ತಿಕೊಂಡು ಇಳಿಯಿರಿ. ಅವಳ ಫೋಟೊ ಮಾತ್ರ ಯಾರೂ ಮುಟ್ಟಬೇಡಿ. ಅದನ್ನು ನಾನು ಹೊರುತ್ತೇನೆ.

ಅನುಷಾ, ಕೇಳಿಸ್ತೈತೇನಮ್ಮ? ಅಲ್ಲೇ ಇರು. ನಾವೇ ಬರ್ತೀವಿ.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮಗೆಲ್ಲ ಧನ್ಯವಾದ. ಇನ್ನು ಏಳಿ. ನಮಸ್ಕಾರ.