ಸುತ್ತದೆ ಬಿಟ್ಟ ಹಾಳೆ

...ನಗಬೇಡ ಕಣೇ! ಬೇರಿಂಗ್ ಹಾಲಿನ ಪಾತ್ರೆ ಪಕ್ಕ ಇಟ್ಟರೆ ಹಾಲೇನೂ ಒಡೆಯಲ್ಲ. ಫ್ರಿಜ್ಜಲ್ಲಿ ತಣ್ಣಗಾದರೆ ಅದು ಕೂದಲೆಳೆಯಷ್ಟು ಕುಗ್ಗುತ್ತೆ. ಇತ್ತ ಇಂಜಿನ್ ಕೇಸು ಬಿಸಿ ಮಾಡಿದರೆ ಕೂದಲೆಳೆಯಷ್ಟು ಹಿಗ್ಗುತ್ತೆ. ಸುತ್ತಿಗೆ ಏಟೇ ಬೇಡ, ತಾನಾಗಿ ಹೋಗಿ ಕೂರುತ್ತೆ. ನಿನ್ನ ಭಾವ ಕಲಿಸಿದ್ದು. ಈ ರಿಪೇರಿ ಅಂಗಡಿ ಜೊತೆ ನನಗೆ ಬಿಟ್ಟು ಹೋಗಿದ್ದು ಇಂಥವೇ ನಾಲ್ಕು ವಿದ್ಯೆ.

ಅಬ್ಬಾ, ಮೂರು ತಿಂಗಳಾದ ಮೇಲೆ ನಿನ್ನ ಹಲ್ಲು ಕಂಡೆ ಪುಟ್ಟಿ... ಸರಿ, ಸರಿ, ಅಳಬೇಡ. ಅಕ್ಕ ಏನೂ ಅನ್ನಲಿಲ್ಲ. ಟಾರ್ಚ್ ಸ್ವಲ್ಪ ಎತ್ತಿ ಹಿಡಿ. ಈ ಮೂಲೆಗೆ ಹಗಲಲ್ಲೂ ಬೆಳಕಿಲ್ಲ.

ನಿನ್ನ ಗಂಡನ ಮರ ಕೊಯ್ಯೋ ಮಿಷನ್ ಮಾರಿಬಿಡು ಅಂದರೆ ಕೇಳಲಿಲ್ಲ. ಬಿಚ್ಚಿ ತೋರಿಸು ಅಂತ ಒಂದೇ ಹಟ! ನೋಡು ಹಾಗಾದರೆ. ಈ ಕ್ರ್ಯಾಂಕ್ ಶಾಫ್ಟ್ ಹಿಡಿದು ಅಲ್ಲಾಡಿಸು. ಟಕ ಟಕ ಅನ್ನುತ್ತಾ? ಬೇರಿಂಗ್ ಸವೆದಿದೆ. ಶಾಫ್ಟ್ ಓಲಾಡಿ ರಬ್ಬರ್ ಸೀಲು ತಿಂದುಹಾಕುತ್ತೆ. ಆ ಸಂದಿಯಲ್ಲಿ ಗಾಳಿ ಎಳೆದುಕೊಂಡು ಇಂಜಿನ್ನು ಹುಚ್ಚು ಹಿಡಿದ ಹಾಗೆ ಓಡುತ್ತೆ. ಕೈ ಬಿಟ್ಟರೂ ಚೈನು ನಿಲ್ಲಲ್ಲ. ಅವತ್ತು ಆಗಿದ್ದೂ ಅಷ್ಟೇ. ಕೊಯ್ದು ಮುಗೀತು, ಚೈನು ನಿಂತಿದೆ ಅಂತ ಮಿಷನ್ ಕೆಳಗಿಳಿಸಿದ್ದಾನೆ... ತೊಡೆಗೆ... ಆಸ್ಪತ್ರೆಗೆ ಒಯ್ಯೋ ಮುಂಚೆಯೇ ಜೀವ ಹೋಯಿತು. ಸವೆತ ಕಣೇ. ಲೋಹ ಅಂದಮೇಲೆ ಸವೆಯುತ್ತೆ. ಯಾರನ್ನ ದೂರೋಣ ಹೇಳು?

ಏನು?... ಹೂಂ. ಅದಕ್ಕೆ ನಾಲ್ಕು ದಿನ ಮುಂಚೆ ಸೀಲು ಬದಲಾಯಿಸಿದ್ದು ನಾನೇ. ಹೊಸ ಸೀಲೇ ಹಾಕಿದ್ದೆ. ಬೇರಿಂಗ್ ಸವೆದಿದ್ದು... ಆಗ ಕೈಗೆ ಗೊತ್ತಾಗಲಿಲ್ಲ.

ಬೇರಿಂಗ್ ತಾ. ಬೇಗ, ಬೇಗ, ಕೇಸು ಆರುತ್ತೆ! ಹಾಂ... ಕೂತಿತು, ನೋಡಿದೆಯಾ? ಇನ್ನೊಂದು... ಅದೂ ಕೂತಿತು. ಕೇಸಿನ ಈ ಅರ್ಧ ಮುಚ್ಚಿದರೆ ಆಯಿತು. ಇನ್ನು ಸೀಲು. ಸರಿಯಾಗಿ ನೋಡಿಕೋ, ಮುಂದೆ ನೀನೇ ಮಾಡಿಕೊಳ್ಳಬೇಕು. ಶಾಫ್ಟ್ ಮೇಲೆ ಸಣ್ಣ ಕಚ್ಚು ಇದೆಯಲ್ಲ, ಬೆರಳಿಡು. ಅಂಚು ಬ್ಲೇಡು, ಬ್ಲೇಡು! ಬರೀ ಶಾಫ್ಟ್ ಮೇಲೆ ತೂರಿಸಿದರೆ ಸೀಲಿನ ತುಟಿ ಸೀಳಿಬಿಡುತ್ತೆ. ಅದಕ್ಕೇ ಮೊದಲು ಈ ತೆಳ್ಳಗಿನ ಹಾಳೆ ಸುತ್ತೋದು. ಹಾಲಿನ ಪ್ಯಾಕೆಟ್ಟಿಂದ ಕತ್ತರಿಸಿದ್ದು. ಎಣ್ಣೆ ಸವರಿ, ಮೇಲಿಂದ ಸೀಲು ಜಾರಿಸಿ, ಆಮೇಲೆ ಹಾಳೆ ಎಳೆದುಕೊಳ್ಳೋದು. ಇದೊಂದು ಮರೆತರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಳೇ ಸೀಲು ಎಲ್ಲಿ? ಈ ಬಟ್ಟೆ ಕೆಳಗೆ ಇಟ್ಟಿದ್ದೆ... ನಿನ್ನ ಕೈಯಲ್ಲಿದೆಯಾ? ಕೊಡಿಲ್ಲಿ, ಕಸಕ್ಕೆ ಹಾಕ್ತೀನಿ. ಕೊಡೇ... ಯಾಕೆ ಹಾಗೆ ಉಗುರಾಡಿಸ್ತಿದ್ದೀಯ? ಹೇಳಿದೆನಲ್ಲ, ಶಾಫ್ಟ್ ಓಲಾಡಿ ತಿಂದದ್ದು...

ಹೂಂ. ತಿಂದದ್ದಾದರೆ ಇಡೀ ಒಂದು ಪಕ್ಕ ಸವೆದಿರಬೇಕು. ಇದು... ಒಂದೇ ಗೀಟು. ಸೀಳಿದೆ.

ಅವತ್ತು ಕಣ್ಣು ಮಂಜು ಮಂಜು ಪುಟ್ಟಿ. ಹಾಳೆ ಹುಡುಕಿದೆ, ಸಿಗಲಿಲ್ಲ. ಇಷ್ಟು ವರ್ಷ ಪಳಗಿದ ಕೈ, ಒಂದು ಸಲ ಸುತ್ತದಿದ್ದರೆ ಏನಾಗುತ್ತೆ ಅಂದುಕೊಂಡೆ... ಆಮೇಲಾದರೂ ಅವನು ಒಂದು ಮಾತು ಹೇಳಿದ್ದರೆ! 'ಅತ್ತಿಗೆ, ಚೈನು ನಿಲ್ತಾ ಇಲ್ಲ' ಅಂತ ಒಂದು ಫೋನ್ ಮಾಡಿದ್ದರೆ ಎದ್ದು ಓಡಿ ಬರ್ತಿರಲಿಲ್ಲವಾ ನಾನು? ಬಾಯೇ ಬಿಡಲಿಲ್ಲ ಪುಣ್ಯಾತ್ಮ...

ಯಾಕೆ ಹಾಗೆ ನೋಡ್ತೀಯ?

ಟಾರ್ಚ್ ಯಾಕೆ ಇತ್ತ ತಿರುಗಿಸಿದೆ?

ನೀನು... ಅವನು ಫೋನ್ ಮಾಡಿದಾಗ ಪಕ್ಕದಲ್ಲೇ ಇದ್ದೆಯಾ?

ನಾನು ಅಂದದ್ದೂ ಕೇಳಿಸಿತಾ? 'ವೇಗ ತಗ್ಗಿಸೋ ಸ್ಕ್ರೂ ಒಂದು ಸುತ್ತು ತಿರುಗಿಸಿಕೊಂಡು ಇವತ್ತೊಂದಿನ ಓಡಿಸಪ್ಪಾ, ನಾಳೆ ನೋಡೋಣ' ಅಂದದ್ದೂ?

ಮೂರು ತಿಂಗಳು! ನಾನು ಬಡಿಸಿದ್ದು ಉಂಡೆ, ನನ್ನ ಮಗ್ಗುಲಲ್ಲೇ ಮಲಗಿದೆ. 'ಅವನದೇ ಅಜಾಗರೂಕತೆ' ಅಂತ ಬಂದವರಿಗೆಲ್ಲ ನಾನು ಹೇಳೋದು ಕೇಳಿಕೊಂಡು ಸುಮ್ಮನೆ ಕೂತೆ... ನಾನಾಗಿ ಹೇಳಲಿ ಅಂತ ಕಾಯ್ತಿದ್ದೆಯಾ ತಾಯಿ?

ಬೈಯೇ. ಒಂದು ಏಟಾದರೂ ಹೊಡೆಯೇ... ಆ ಟಾರ್ಚ್ ನನ್ನ ಮುಖದ ಮೇಲಿಂದ ಇಳಿಸು.

ನೋಡು, ಹಾಳೆ ಸುತ್ತಿದ್ದೀನಿ. ಸುತ್ತಿದ್ದೀನಿ ತಾನೇ? ಸೀಲು ನೀನೇ ಹಾಕು. ಟಾರ್ಚ್ ನಾನು ಹಿಡೀತೀನಿ.

ಪುಟ್ಟಿ... ಕೊಡ್ತೀಯಾ?